ಹವಾಲ್ದಾರರ ಹೆಂಡತಿಯ ಹೆಸರು

ಮಾಜಿ ಸೈನಿಕರು ಬಂದು ಹೋಗುವ ಕಚೇರಿಯಲ್ಲಿ ಕೆಲಸ ಮಾಡುವವರು ನಗುವುದಕ್ಕೆಂದು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ನಗು ತಾನಾಗಿಯೇ ಕಡತ ಹಿಡಿದುಕೊಂಡು ಬಂದು ಮೇಜಿನ ಮುಂದೆ ಸಾವಧಾನ ಭಂಗಿಯಲ್ಲಿ ನಿಲ್ಲುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಚಿತ್ರದುರ್ಗದಲ್ಲಿ ಅಂಥದೊಂದು ಕಚೇರಿಗೆ ಬೆರಳಚ್ಚು ಮಾಡಲು ಸೇರಿ, ಆಮೇಲೆ ಗುಮಾಸ್ತೆಯಾಗಿ, ತೊಂಬತ್ತರ ದಶಕವನ್ನೂ ಅದರ ಮುಂದಿನ ಕೆಲವು ವರ್ಷಗಳನ್ನೂ ಅಲ್ಲಿಯೇ ಕಳೆದೆ. ಸೈನ್ಯದಿಂದ ಬಿಡುಗಡೆಯಾಗಿ ಬಂದವರಿಗೆ ಒಂದು ಕೆಲಸ ಹುಡುಕಿಕೊಡುವುದು, ಅವರ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಗುರುತಿನ ಚೀಟಿ, ಪಿಂಚಣಿಯ ತಕರಾರು, ಇವು ನಮ್ಮ ಕೆಲಸ. ಬಿಡುಗಡೆಯಾದವರು ಎಂದರೆ ಕೋಲು ಊರಿಕೊಂಡು ಬರುವ ಮುದುಕರು ಎಂದುಕೊಳ್ಳಬೇಡಿ. ಹತ್ತೊಂಬತ್ತಕ್ಕೆ ಸೇರಿದವರು ಹದಿನೇಳು ವರ್ಷ ದುಡಿದು ಮೂವತ್ತಾರಕ್ಕೆಲ್ಲ ಊರಿಗೆ ಬಂದುಬಿಡುತ್ತಾರೆ. ಆಗ ಮಕ್ಕಳು ಇನ್ನೂ ಶಾಲೆಯಲ್ಲಿರುತ್ತವೆ. ಅದಕ್ಕೇ ಅವರಿಗೆ ಇನ್ನೊಂದು ಕೆಲಸ ಬೇಕಾಗುವುದು.

ಕಚೇರಿಯಲ್ಲಿ ನಾವು ಮೂವರು. ಸಾಹೇಬರು ನಿವೃತ್ತ ಮೇಜರ್. ಹಳ್ಳಿಹಳ್ಳಿಗೆ ಹೋಗಿ ವಿಚಾರಿಸಿಕೊಂಡು ಬರುವವರು ಒಬ್ಬ ನಿವೃತ್ತ ಸುಬೇದಾರರು. ಮೂರನೆಯವಳು ನಾನು. ಒಬ್ಬ ಜವಾನನೂ ಇದ್ದ. ಆದರೆ ಅವನು ಈ ಪ್ರಸಂಗಗಳಲ್ಲಿ ಬರುವುದಿಲ್ಲವಾದ್ದರಿಂದ ಅವನನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಮೊದಲನೆಯ ಪ್ರಸಂಗ ಬಿಟ್ಟರೆ ಉಳಿದವೆಲ್ಲ ಹರಿಯಬ್ಬೆ ಕಡೆಯ ಒಬ್ಬ ಹವಾಲ್ದಾರರಿಗೆ ಸಂಬಂಧಿಸಿದವು. ತಮ್ಮ ಹೆಸರು ಹಾಕಬೇಡಿ ಎಂದು ಅವರು ಹೇಳಿದ್ದಾರೆ, ಹಾಕುವುದಿಲ್ಲ. ಅವರ ಹೆಂಡತಿಯ ಹೆಸರನ್ನು ಮಾತ್ರ ಹಾಕಲೇಬೇಕು, ಏಕೆಂದರೆ ಇಡೀ ವಿಷಯವೇ ಅದು. ಆಕೆಯನ್ನು ಕೇಳಿದೆ. "ಹಾಕ್ಕಳ್ರಿ ಮೇಡಮ್ಮೋರೆ, ಅದಕ್ಕೋಸ್ಕರ ಪಟ್ಟಿದ್ದು ಒಂದಾ ಎರಡಾ" ಎಂದರು.

೧. ಮಕ್ಕಳು ಹುಟ್ಟಿದ ದಿನ

ಸೈನಿಕರಿಗೆ ಒಂದು ಅಭ್ಯಾಸವಿದೆ. ಹೆಸರು ಕೇಳಿದರೆ ಮೊದಲು ತಮ್ಮ ಸೈನ್ಯದ ನಂಬರು ಹೇಳುತ್ತಾರೆ, ಆಮೇಲೆ ದರ್ಜೆ, ಎಲ್ಲದಕ್ಕೂ ಕೊನೆಗೆ ಹೆಸರು. ಇಪ್ಪತ್ತು ವರ್ಷದ ಹಿಂದೆ ಕೈಯಲ್ಲಿದ್ದ ಬಂದೂಕಿನ ನಂಬರನ್ನು ಕೇಳಿದರೂ ತಡವರಿಸದೆ ಹೇಳುವವರನ್ನು ನಾನು ನೋಡಿದ್ದೇನೆ. ಮನೆಯ ವಿಷಯ ಕೇಳಿದರೆ ಮಾತ್ರ ತೊಂದರೆ ಶುರುವಾಗುತ್ತದೆ.

ಹೊಳಲ್ಕೆರೆ ಕಡೆಯ ಒಬ್ಬರು ಮೂವರು ಮಕ್ಕಳ ವಿದ್ಯಾರ್ಥಿವೇತನಕ್ಕೆಂದು ಬಂದರು. ಅರ್ಜಿಯಲ್ಲಿ ಹುಟ್ಟಿದ ದಿನ ಬರೆಯುವ ಕಡೆ ಖಾಲಿ ಬಿಟ್ಟಿದ್ದರು. ಶಾಲೆಯ ಪ್ರಮಾಣಪತ್ರವನ್ನು ತರುವುದಕ್ಕೆ ಮರೆತಿದ್ದರು. ಸದ್ಯಕ್ಕೆ ಬಾಯಲ್ಲಾದರೂ ಹೇಳಿ, ಪೆನ್ಸಿಲಿನಲ್ಲಿ ಬರೆದಿರುತ್ತೇನೆ ಎಂದೆ. (ಪೆನ್ಸಿಲಿನಲ್ಲಿ ಏಕೆಂದರೆ ಆಮೇಲೆ ಅಳಿಸಬಹುದು.)

"ಮೊದಲನೆಯೋನು ನಾನು ಲಡಾಖಿನಾಗಿದ್ದಾಗ ಹುಟ್ಟಿದ್ದು. ತಂತಿ ಬಂದಾಗ ಮೀಸೆ ಮ್ಯಾಲೆ ಮಂಜು ಕಟ್ಟಿತ್ತು, ಬರ್ಕಳ್ರಿ."

ಅವರ ಬಿಡುಗಡೆ ಪುಸ್ತಕದಲ್ಲಿ ಯಾವಾಗ ಎಲ್ಲಿದ್ದರು ಎಂಬುದು ಇರುತ್ತದೆ. ಅದನ್ನು ತೆರೆದು ಲಡಾಖಿನ ವರ್ಷ ಹುಡುಕಿ, ಮಂಜು ಕಟ್ಟಿತ್ತೆಂದರೆ ಜನವರಿ ಇರಬೇಕು ಎಂದು ಬರೆದುಕೊಂಡೆ. ಎರಡನೆಯ ಮಗಳು ಅಸ್ಸಾಮಿನಲ್ಲಿದ್ದಾಗ ಹುಟ್ಟಿದ್ದು, ನದಿ ಉಕ್ಕಿ ಅಡುಗೆ ಡೇರೆ ತೇಲಿಹೋದ ವಾರ. ಅದನ್ನೂ ಮಳೆಗಾಲದ ಲೆಕ್ಕದಲ್ಲಿ ಬರೆದೆ. ಆಮೇಲೆ ಪ್ರಮಾಣಪತ್ರ ಬಂದಾಗ ನೋಡಿದರೆ ಎರಡೂ ಹೆಚ್ಚುಕಡಿಮೆ ಸರಿಯಾಗಿದ್ದವು. ಮೂರನೆಯವನ ಸರದಿ ಬಂತು. ಅವರು ಸೂರು ನೋಡಿದರು, ಗೋಡೆ ನೋಡಿದರು, ಕೊನೆಗೆ ಗೊತ್ತಿಲ್ಲ ಎಂದರು. ಇಬ್ಬರದು ಅಷ್ಟು ಚೆನ್ನಾಗಿ ಹೇಳಿದಿರಿ, ಇವನದೊಂದು ಹೇಗೆ ಮರೆತಿರಿ ಎಂದು ಕೇಳಿದೆ.

"ಅವನು ಹುಟ್ಟಿದಾಗ ನಾನು ರಜದ ಮ್ಯಾಲೆ ಮನ್ಯಾಗೇ ಇದ್ದೆ ಮೇಡಮ್ಮೋರೆ. ಗುರ್ತು ಇಟ್ಕಳಕೆ ಏನೂ ಇರ್ಲಿಲ್ಲ."

೨. ರಾಮ್‌ಗಿರಿ ದೇವಿ

ಹವಾಲ್ದಾರರು ಮೊದಲು ಬಂದದ್ದು ಕೆಲಸ ಕೇಳಿಕೊಂಡು. ಹವಾಲ್ದಾರ್ ಎಂದರೆ ತೋಳಿನ ಮೇಲೆ ಮೂರು ಪಟ್ಟಿ ಇರುವವರು. ನಾನು ಹೆಸರು ನೋಂದಾಯಿಸಿಕೊಳ್ಳುತ್ತಾ ಬಿಡುಗಡೆ ಪುಸ್ತಕ ನೋಡಿ, ಹೆಂಡತಿಯ ಹೆಸರು ರಾಮ್‌ಗಿರಿ ದೇವಿ ಎಂದು ಬರೆದುಕೊಂಡೆ. ಉತ್ತರದ ಕಡೆಯ ಹೆಣ್ಣನ್ನು ಮದುವೆಯಾಗಿದ್ದಾರೆ ಎಂದುಕೊಂಡೆ. ಗುರುತಿನ ಚೀಟಿಗೆ ಅದೇ ಹೆಸರು ಹಾಕಲೇ ಎಂದು ಕೇಳಿದಾಗ ಅವರು ಕುರ್ಚಿಯಿಂದ ಎದ್ದು ನಿಂತು, ಬಾಗಿಲ ಕಡೆ ಒಮ್ಮೆ ನೋಡಿ, ತಮ್ಮ ಹೆಂಡತಿಯ ಹೆಸರು ತಿಪ್ಪಮ್ಮ ಎಂದರು. ಹಾಗಾದರೆ ರಾಮ್‌ಗಿರಿ ದೇವಿ ಯಾರು ಎಂದೆ. "ಆಕೇನೂ ಇವಳೇ" ಎಂದರು.

ವಿಷಯ ಹೀಗೆ. ನಮ್ಮ ಕಡೆ ಹಳ್ಳಿಗಳಲ್ಲಿ ಸೊಸೆಯನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. ಯಾವ ಊರಿಂದ ತಂದಿದ್ದಾರೋ ಆ ಊರಿನವಳು ಎಂದು ಕರೆಯುತ್ತಾರೆ. ಇವರ ಹೆಂಡತಿಯ ತವರು ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ. ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಆಕೆ "ರಾಮಗಿರಿಯೋಳು". ಲಗ್ನಪತ್ರಿಕೆ ಇರಲಿಲ್ಲವೇ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ವೀಳ್ಯ ಕೊಟ್ಟು ಕರೆದ ಮದುವೆ, ಅಚ್ಚು ಹಾಕಿಸಿರಲಿಲ್ಲ. ಮದುವೆಯಲ್ಲಿ ಹೆಸರು ಹೇಳುವ ಶಾಸ್ತ್ರವಾದರೂ ಇರುತ್ತದಲ್ಲ ಎಂದೆ. ಅಕ್ಕ ಕಿವಿಯಲ್ಲಿ ಹೇಳಿಕೊಟ್ಟದ್ದನ್ನು ಇವರು ನಾಚಿಕೊಂಡು ಒಂದೇ ಉಸಿರಿಗೆ ಹೇಳಿ, ಅಲ್ಲಿಯೇ ಮರೆತಿದ್ದರು. ರಜ ಇದ್ದದ್ದು ಮೂರು ವಾರ. ಹತ್ತು ಜನರಿರುವ ಮನೆಯಲ್ಲಿ ಹಗಲು ಹೊತ್ತು ಹೆಂಡತಿಯನ್ನು ಮಾತಾಡಿಸುವಂತಿರಲಿಲ್ಲ.

ರಜ ಮುಗಿಸಿ ಹೋದವರು ಮದುವೆಯಾದದ್ದನ್ನು ದಫ್ತರದಲ್ಲಿ ಬರೆಸಬೇಕು. ಅಲ್ಲಿಯ ಗುಮಾಸ್ತ ಹಿಂದಿಯವನು. ಹೆಂಡತಿಯ ಹೆಸರೇನು ಎಂದು ಕೇಳಿದ. ಗೊತ್ತಿಲ್ಲ ಎಂದರೆ ಇಡೀ ಬ್ಯಾರಕ್ಕು ನಗುತ್ತದೆ. ಮನೆಯಲ್ಲಿ ಕೇಳಿದ್ದನ್ನೇ ಹೇಳಿದರು. ಅವನ ಕಡೆ ಹೆಂಗಸರ ಹೆಸರೆಲ್ಲ ದೇವಿ ಎಂದು ಮುಗಿಯುವುದರಿಂದ ಅವನು ಧಾರಾಳವಾಗಿ ಅದನ್ನೂ ಸೇರಿಸಿದ. ತಿಪ್ಪಮ್ಮ ಎಂಬ ಹೆಸರು ಇವರಿಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಮಗನನ್ನು ಶಾಲೆಗೆ ಸೇರಿಸಿದ ಕಾಗದ ನೋಡಿದಾಗ.

ಸಾಹೇಬರು ಇದನ್ನೆಲ್ಲ ಕೇಳಿ ನಗಲಿಲ್ಲ. ಹವಾಲ್ದಾರರನ್ನು ಕೂರಿಸಿ, ಇದು ನಗುವ ವಿಷಯವಲ್ಲ, ನಾಳೆ ನಿಮಗೇನಾದರೂ ಆದರೆ ಕುಟುಂಬ ಪಿಂಚಣಿ ಬರುವುದು ರಾಮ್‌ಗಿರಿ ದೇವಿಗೆ, ತಿಪ್ಪಮ್ಮ ಈ ಬಾಗಿಲಲ್ಲಿ ಬಂದು ನಿಂತರೆ ನೀನ್ಯಾರು ಎಂದು ಕೇಳುತ್ತಾರೆ, ನೀವು ಬದುಕಿರುವಾಗಲೇ ಸರಿ ಮಾಡಿಸಬೇಕು ಎಂದು ನಿಧಾನವಾಗಿ ತಿಳಿಸಿದರು. ಹವಾಲ್ದಾರರ ಮುಖ ಸಪ್ಪಗಾಯಿತು. ಮದುವೆಯಾಗಿ ಹದಿನಾರು ವರ್ಷವಾಯಿತು, ಮುಂದಿನ ರಜದಲ್ಲಾದರೂ ಆಕೆಯನ್ನೇ ಹೆಸರು ಕೇಳಿಕೊಂಡು ತಿದ್ದಿಸಬಾರದಿತ್ತೇ ಎಂದು ಸಾಹೇಬರು ಕೇಳಿದರು.

"ಮುಂದಿನ ರಜಕ್ಕೆ ಹೋಗೋ ಹೊತ್ತಿಗೆ ಮಗ ಹುಟ್ಟಿದ್ದ ಸಾರ್" ಎಂದರು ಹವಾಲ್ದಾರರು. "ಆಮ್ಯಾಲೆ ನಿನ್ನ ಹೆಸರೇನು ಅಂತ ಕೇಳಿದ್ರೆ ಚೆಂದಿರಲ್ಲ."

೩. ಡ್ರಿಲ್ ಮೇಷ್ಟ್ರು

ಹೆಸರಿನ ಅರ್ಜಿ ದೂರದ ದಾಖಲೆ ಕಚೇರಿಗೆ ಹೋಯಿತು. ಸೈನಿಕರ ಮೂಲ ಕಡತಗಳೆಲ್ಲ ಇರುವುದು ಅಂಥ ಕಚೇರಿಗಳಲ್ಲಿ, ಅಲ್ಲಿಂದ ಉತ್ತರ ಬರಲು ತಿಂಗಳುಗಳು ಹಿಡಿಯುತ್ತವೆ. ಅಷ್ಟರಲ್ಲಿ ಹವಾಲ್ದಾರರಿಗೆ ಹೊಸದುರ್ಗದ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಬೆಳಗ್ಗೆ ಗೇಟು ನೋಡಿಕೊಳ್ಳುವುದು, ಮಧ್ಯಾಹ್ನ ಮಕ್ಕಳಿಗೆ ಡ್ರಿಲ್ ಮಾಡಿಸುವುದು. ಎರಡೂ ಒಬ್ಬರೇ ಮಾಡಬೇಕು, ಸಂಬಳ ಮಾತ್ರ ಒಂದೇ. ಖಾಸಗಿ ಶಾಲೆ ಎಂದೆನಲ್ಲ.

ತಿಂಗಳಾಗುವುದರೊಳಗೆ ಶಾಲೆಯ ರೀತಿಯೇ ಬದಲಾಯಿತು. ಒಂದನೇ ತರಗತಿಯ ಮಕ್ಕಳು ನೀರು ಕುಡಿಯಲು ಸಾಲಾಗಿ ಹೋಗಿ ಸಾಲಾಗಿ ಬರತೊಡಗಿದರು. ಒಬ್ಬ ತಾಯಿ ಬಂದು, ನನ್ನ ಮಗ ಊಟಕ್ಕೆ ಕೂರುವ ಮೊದಲು ಅಪ್ಪಣೆ ಕೇಳುತ್ತಾನೆ, ಅಪ್ಪಣೆ ಕೊಡದಿದ್ದರೆ ತಟ್ಟೆ ಮುಂದೆ ನಿಂತೇ ಇರುತ್ತಾನೆ, ಇದಕ್ಕೆ ಖುಷಿಪಡಬೇಕೋ ಹೆದರಬೇಕೋ ತಿಳಿಯುತ್ತಿಲ್ಲ ಎಂದರಂತೆ. ಪ್ರಾರ್ಥನೆಗೆ ತಡವಾಗಿ ಬಂದವರು ಮೈದಾನವನ್ನು ಒಂದು ಸುತ್ತು ಓಡಬೇಕು ಎಂದು ಹವಾಲ್ದಾರರು ನಿಯಮ ಮಾಡಿದರು. ಒಂದು ವಾರದಲ್ಲಿ ತಡವಾಗಿ ಬರುವ ಮಕ್ಕಳೇ ಇಲ್ಲವಾದರು.

ಒಂದು ದಿನ ಗಣಿತದ ಮೇಷ್ಟ್ರ ಬಸ್ಸು ತಪ್ಪಿತು. ಅವರು ಬಂದಾಗ ಪ್ರಾರ್ಥನೆ ಅರ್ಧ ಮುಗಿದಿತ್ತು. ಗೇಟಿನಲ್ಲಿ ಹವಾಲ್ದಾರರು ಬೆನ್ನು ತಿರುಗಿಸಿ ನಿಂತಿದ್ದರು. ಹೆಜ್ಜೆ ಸದ್ದು ಕೇಳಿದ್ದೇ, ಯಾರೆಂದು ನೋಡದೆ ಮೈದಾನದ ಕಡೆ ಬೆರಳು ತೋರಿಸಿ "ದೌಡ್" ಎಂದರು. ಮೇಷ್ಟ್ರು ಊಟದ ಡಬ್ಬಿಯನ್ನು ಕಲ್ಲಿನ ಮೇಲೆ ಇಟ್ಟು ಓಡಿದರು. ಪೂರ್ತಿ ಒಂದು ಸುತ್ತು ಓಡಿ ಬಂದು ಸಾಲಿನ ಕೊನೆಯಲ್ಲಿ ನಿಂತರು. ನೀವೇಕೆ ಓಡಿದಿರಿ ಎಂದು ಮುಖ್ಯೋಪಾಧ್ಯಾಯರು ಕೋಣೆಗೆ ಕರೆದು ಕೇಳಿದರಂತೆ.

"ಆ ದನಿ ಕೇಳಿದ ಕೂಡ್ಲೆ ಕಾಲು ಹೊಂಟುಬಿಟ್ವು ಸಾರ್. ನಾನು ಮೇಷ್ಟ್ರು ಅನ್ನೋದು ಮೂರನೇ ತಿರುವಿನಾಗೆ ನೆಪ್ಪಾತು. ಅಷ್ಟೊತ್ತಿಗೆ ಮುಕ್ಕಾಲು ಪಾಲು ಮುಗಿದಿತ್ತಲ್ಲ, ಬಿಡೋದ್ಯಾಕೆ ಅಂತ ಮುಗಿಸ್ದೆ."

೪. ಜೋಡಿ ಫೋಟೋ

ಅದೇ ಶಾಲೆಯ ಮೈದಾನದಲ್ಲಿ ಒಂದು ಮಧ್ಯಾಹ್ನ ಹವಾಲ್ದಾರರಿಗೆ ಎದೆನೋವು ಬಂತು. ಮೇಲೆ ಹೇಳಿದ ಗಣಿತದ ಮೇಷ್ಟ್ರೇ ಅವರನ್ನು ಆಸ್ಪತ್ರೆಗೆ ಸೇರಿಸಿದರು ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಾಲ್ಕು ದಿನ ಇಟ್ಟುಕೊಂಡು, ಓಡಬೇಡಿ, ಕೂಗಬೇಡಿ, ಉಪ್ಪಿನಕಾಯಿ ಬಿಡಿ ಎಂದು ಹೇಳಿ ಕಳಿಸಿದರು. ಹೊರಬಂದವರು ಮನೆಗೆ ಹೋಗಲಿಲ್ಲ, ಬಸ್ಸು ಹತ್ತಿ ನೇರವಾಗಿ ನಮ್ಮ ಕಚೇರಿಗೆ ಬಂದರು. ಹೆಸರಿನ ವಿಷಯ ಏನಾಯಿತು ಎಂದಷ್ಟೇ ಕೇಳಿದರು. ಎದೆನೋವಿನ ಮಾತನ್ನು ಆಮೇಲೆ ಸುಬೇದಾರರೇ ಬಾಯಿಬಿಡಿಸಿದ್ದು.

ಉತ್ತರವೇನೋ ಬಂದಿತ್ತು. ಗಂಡ ಹೆಂಡತಿ ಅಕ್ಕಪಕ್ಕ ನಿಂತು, ಭುಜಕ್ಕೆ ಭುಜ ತಾಗುವಂತೆ ತೆಗೆಸಿದ ಒಂದು ಫೋಟೋ ಕಳಿಸಬೇಕು. ಅದಕ್ಕೆ ಜೋಡಿ ಫೋಟೋ ಎನ್ನುತ್ತಾರೆ. ಮಾರನೆಯ ವಾರ ಹವಾಲ್ದಾರರು ತಿಪ್ಪಮ್ಮನವರನ್ನು ಕರೆದುಕೊಂಡು ಬಂದರು. ನಾನು ಆಕೆಯನ್ನು ಮೊದಲು ನೋಡಿದ್ದು ಆಗ. ಗಟ್ಟಿ ಹೆಂಗಸು, ಮಾತು ಕಡಿಮೆ, ಆಡಿದರೆ ಸರಿಯಾಗಿ ಆಡುತ್ತಿದ್ದರು. ನಾನೂ ಸ್ಟುಡಿಯೋಗೆ ಜೊತೆಯಲ್ಲಿ ಹೋದೆ.

ಸ್ಟುಡಿಯೋ ಇದ್ದದ್ದು ಕಚೇರಿಯ ಹಿಂದಿನ ಬೀದಿಯಲ್ಲಿ. ನಡೆಸುತ್ತಿದ್ದವರು ಒಬ್ಬ ಸಾಬರು, ಅವರ ತಂದೆಯ ಕಾಲದಿಂದ ದುರ್ಗದ ಮದುವೆಗಳೆಲ್ಲ ಅವರದೇ. ಹವಾಲ್ದಾರರು ಪರದೆ ಮುಂದೆ ಸಾವಧಾನ ಭಂಗಿಯಲ್ಲಿ ನಿಂತರು. ತಿಪ್ಪಮ್ಮನವರು ಎರಡು ಮಾರು ದೂರ ನಿಂತರು. ಹತ್ತಿರ ಬನ್ನಿ ಅಮ್ಮಾ ಎಂದರೆ ಒಂದು ಹೆಜ್ಜೆ ಬಂದರು. ಇನ್ನೂ ಹತ್ತಿರ ಎಂದರೆ ಹವಾಲ್ದಾರರು ಒಂದು ಹೆಜ್ಜೆ ಆಚೆ ಸರಿದರು. ಸಾಬರು ಕ್ಯಾಮೆರಾ ಬಿಟ್ಟು ಎದ್ದು ಬಂದು, "ಏನ್ರಿ ಭಾಯ್, ಗಡಿ ಕಾಯೋದು ಮುಗೀತು ಅಂದ್ರಲ್ಲ, ಇಲ್ಲಿ ಮಧ್ಯ ಯಾವ ಗಡಿ ಐತೆ?" ಎಂದರು. ಇಷ್ಟು ಜನರ ಎದುರು ಹೇಗೆ ಎಂದು ತಿಪ್ಪಮ್ಮನವರು ಕೇಳಿದರು. ಅಲ್ಲಿ ಇದ್ದದ್ದು ಸಾಬರು ಮತ್ತು ನಾನು.

ಕೊನೆಗೆ ಆಕೆ ಒಂದು ಷರತ್ತು ಹಾಕಿದರು. ಮೇಡಮ್ಮೋರು ಪಕ್ಕದಲ್ಲಿ ನಿಂತರೆ ನಾನೂ ನಿಲ್ಲುತ್ತೇನೆ ಎಂದರು. ಧೈರ್ಯ ಬರಲಿ ಎಂದು ನಾನು ಹೋಗಿ ನಿಂತೆ, ಸಾಬರು ಎಣಿಸಲು ಶುರುಮಾಡಿದ ಕೂಡಲೇ ಹಿಂದೆ ಸರಿಯಬೇಕೆಂದು ನಿಶ್ಚಯಿಸಿದ್ದೆ. ಆದರೆ ತಿಪ್ಪಮ್ಮನವರು ನನ್ನ ಕೈಯನ್ನು ಹಿಡಿದದ್ದು ಬಿಡಲಿಲ್ಲ. ಫೋಟೋ ತೊಳೆದು ಬಂದಾಗ ನೋಡಿದರೆ ಎಡಕ್ಕೆ ಹವಾಲ್ದಾರರು, ಬಲಕ್ಕೆ ತಿಪ್ಪಮ್ಮನವರು, ನಟ್ಟನಡುವೆ ನಾನು.

ಇನ್ನೊಂದು ತೆಗೆಸಿದೆವು ಅನ್ನಿ, ಅದರಲ್ಲಿ ಭುಜವೂ ತಾಗಿತ್ತು. ಆದರೆ ಮೊದಲನೆಯದನ್ನು ಸುಬೇದಾರರು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದರು.

"ಇದನ್ನೇ ಕಳಿಸ್ರಿ ಮೇಡಂ" ಎಂದರು. "ಅವರ ಕಡತದಾಗೆ ಈಗಾಗ್ಲೆ ಒಬ್ಬಾಕೆ ಹೆಚ್ಚಿಗೆ ಅದಾಳೆ. ನೀವೂ ಸೇರ್ಕಳ್ರಿ, ಮುಂದೆ ಅನುಕೂಲ ಆಗ್ತೈತೆ."

೫. ಗಂಡನ ನಂಬರು

ಫೋಟೋದ ಜೊತೆಗೆ ಒಂದು ಅಫಿಡವಿಟ್ಟೂ ಬೇಕಾಗಿತ್ತು. ಅಂದರೆ ಹೆಂಡತಿ ನೋಟರಿ ವಕೀಲರ ಮುಂದೆ, ನಾನು ಇಂಥವರ ಹೆಂಡತಿ, ಆ ಹೆಸರಿನವಳೂ ಈ ಹೆಸರಿನವಳೂ ನಾನೇ ಎಂದು ಪ್ರಮಾಣ ಮಾಡಿ ಹೇಳಿ ಹೆಬ್ಬೆಟ್ಟು ಒತ್ತಬೇಕು. ಕೋರ್ಟಿನ ಆವರಣದಲ್ಲಿ ಹುಣಸೆಮರದ ಕೆಳಗೆ ಮೇಜು ಹಾಕಿಕೊಂಡಿದ್ದ ನೋಟರಿ ಒಬ್ಬರ ಹತ್ತಿರ ಹೋದೆವು. ಅವರು ಬಹಳ ಕ್ರಮಬದ್ಧ ಮನುಷ್ಯ. ಓದಿ ಹೇಳಿದ್ದಕ್ಕೆ ತಲೆಯಾಡಿಸಿದರೆ ಒಪ್ಪುವವರಲ್ಲ, ಸ್ವಂತ ಬಾಯಿಂದ ಹೇಳಬೇಕು.

ಗಂಡನ ಹೆಸರೇನು ಎಂದು ಕೇಳಿದರು. ನಮ್ಮ ಕಡೆ ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಅದರಲ್ಲೂ ಗಂಡ ಆಸ್ಪತ್ರೆಯಿಂದ ಬಂದು ತಿಂಗಳೂ ಆಗಿರಲಿಲ್ಲ. ತಿಪ್ಪಮ್ಮನವರು ಸೆರಗನ್ನು ಸರಿಮಾಡಿಕೊಂಡು, ಮರವನ್ನು ನೋಡಿಕೊಂಡು, ಒಂದೇ ಉಸಿರಿನಲ್ಲಿ ಗಂಡನ ಸೈನ್ಯದ ನಂಬರು, ದರ್ಜೆ, ಕಂಪನಿ, ಪಲ್ಟನ್ನು, ಸೇನಾ ಅಂಚೆ ಕಚೇರಿಯ ನಂಬರು ಅಷ್ಟನ್ನೂ ಹೇಳಿದರು. ಒಂದು ಅಂಕಿಯೂ ತಪ್ಪಲಿಲ್ಲ, ನಾನು ಪುಸ್ತಕ ತೆರೆದು ಹೊಂದಿಸಿ ನೋಡಿದೆ. ಆಕೆಗೆ ಬರೆಯಲು ಬರುತ್ತಿರಲಿಲ್ಲ. ಹದಿನೈದು ವರ್ಷ ಯಾರಾದರೂ ಓದಿದವರನ್ನು ಹಿಡಿದು ಕಾಗದ ಬರೆಸುವಾಗ ವಿಳಾಸವನ್ನು ಬಾಯಲ್ಲಿ ಹೇಳಿಹೇಳಿ ಅದು ಮಂತ್ರದ ಹಾಗೆ ಕೂತುಬಿಟ್ಟಿತ್ತು. ಹವಾಲ್ದಾರರು ಆ ಕಡೆ ತಿರುಗಿ ನಿಂತರು. ಕಣ್ಣು ಒರೆಸಿಕೊಂಡರು ಎಂದು ನನಗೆ ಅನ್ನಿಸಿತು, ಅವರು ಧೂಳು ಎಂದರು.

ನಂಬರು ಬೇಡ, ಹೆಸರು ಬೇಕು ಎಂದು ನೋಟರಿ ಬಿಗಿ ಹಿಡಿದರು. ತಿಪ್ಪಮ್ಮನವರು ಅವರನ್ನು ಕನಿಕರದಿಂದ ನೋಡಿದರು.

"ಹೆಸರಿಗೇನು ಸ್ವಾಮಿ, ನಮ್ಮೂರಾಗೇ ಆ ಹೆಸರಿನೋರು ಆರು ಜನ ಅದಾರೆ. ಅದ್ರಾಗೆ ಇಬ್ರು ಕುಡುಕ್ರು. ಈ ನಂಬರಿನೋರು ಇವರೊಬ್ರೇ. ನಂಗೆ ಯಾರು ಬೇಕು ಅಂತ ನಾನು ಹೇಳೀನಿ, ನಿಮಗೆ ಯಾರು ಬೇಕೋ ನೀವು ನೋಡ್ಕಳ್ರಿ."

ನೋಟರಿಯವರು ನಂಬರನ್ನೇ ಬರೆದುಕೊಂಡರು. ಹೆಸರನ್ನು ಪಕ್ಕದಲ್ಲಿ ಅವರೇ ತುಂಬಿದರು.

೬. ಇಬ್ಬರು ಹೆಂಡಿರು

ಫೋಟೋ, ಅಫಿಡವಿಟ್ಟು, ಸಾಹೇಬರ ಪತ್ರ ಎಲ್ಲ ಹೋಗಿ ನಾಲ್ಕು ತಿಂಗಳಾದ ಮೇಲೆ ದಾಖಲೆ ಕಚೇರಿಯಿಂದ ಉತ್ತರ ಬಂತು. ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿ ಹವಾಲ್ದಾರರಿಗೆ ತಿಳಿಸಬೇಕಾದವಳು ನಾನು. ಮೂರು ಸಲ ಓದಿದೆ, ಮೂರು ಸಲವೂ ಅದೇ ಅರ್ಥ ಬಂತು. ನಮ್ಮ ಪುಸ್ತಕದಂತೆ ಇವರ ಹೆಂಡತಿ ರಾಮ್‌ಗಿರಿ ದೇವಿ. ಈಗ ತಿಪ್ಪಮ್ಮ ಎಂಬ ಎರಡನೆಯ ಹೆಂಡತಿಯ ಹೆಸರು ಸೇರಿಸಬೇಕೆಂದು ಕೇಳಿದ್ದಾರೆ. ಮೊದಲನೆಯ ಹೆಂಡತಿಯ ಮರಣ ಪ್ರಮಾಣಪತ್ರ ಅಥವಾ ವಿಚ್ಛೇದನದ ತೀರ್ಪು ಕಳಿಸಿ. ಎರಡೂ ಇಲ್ಲದಿದ್ದರೆ, ಸೇವೆಯಲ್ಲಿದ್ದಾಗ ಎರಡು ಮದುವೆಯಾದದ್ದೇಕೆ ಎಂದು ವಿವರಣೆ ಕೊಡಿ.

ಹವಾಲ್ದಾರರು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಹದಿನೇಳು ವರ್ಷದ ಸೇವೆಯಲ್ಲಿ ಶಿಕ್ಷೆಯ ಒಂದು ಕೆಂಪು ಗೆರೆ ಇಲ್ಲದ ಮನುಷ್ಯ. ಇನ್ನು ನಾನು ಹೋದ ಮೇಲೆ ಅವಳಿಗೆ ಪಿಂಚಣಿ ಸಿಕ್ಕ ಹಾಗೆಯೇ ಎಂದು ಮೆಲ್ಲಗೆ ಹೇಳಿದರು. ಆಮೇಲೆ ಯಾರ ಮಾತು ಕೇಳಿದರೋ, ಮಾರನೆಯ ದಿನ ಊರಿನ ಗ್ರಾಮಲೆಕ್ಕಿಗರ ಹತ್ತಿರ ಹೋಗಿ, ರಾಮ್‌ಗಿರಿ ದೇವಿ ತೀರಿಕೊಂಡಳು ಎಂದು ಬರೆದುಕೊಡಿ ಎಂದರಂತೆ. ಗ್ರಾಮಲೆಕ್ಕಿಗರು ರಿಜಿಸ್ಟರು ತಿರುವಿ, "ಈಕೆ ಹುಟ್ಟಿದ್ದೇ ಎಲ್ಲೂ ಇಲ್ಲವಲ್ರಿ. ಹುಟ್ಟಿದ್ದು ತೋರಿಸ್ರಿ, ಸಾಯೋದು ಆಮೇಲೆ ನೋಡಾಣ" ಎಂದು ವಾಪಸು ಕಳಿಸಿದರು.

ಇದು ಸಾಹೇಬರ ಕಿವಿಗೆ ಬಿದ್ದು ಅವರು ಗಂಡ ಹೆಂಡತಿ ಇಬ್ಬರನ್ನೂ ಕರೆಸಿದರು. ಹವಾಲ್ದಾರರಿಗೆ ಚೆನ್ನಾಗಿ ಬೈದರು. ಸುಳ್ಳು ಪ್ರಮಾಣಪತ್ರ ಮಾಡಿಸಿದರೆ ಇರುವ ಪಿಂಚಣಿಯೂ ಹೋಗುತ್ತದೆ ಎಂದರು. ತಿಪ್ಪಮ್ಮನವರಿಗೆ ಕಾಗದದಲ್ಲಿ ಇರುವುದನ್ನೆಲ್ಲ ನಾನು ವಿವರಿಸಿ ಹೇಳಿದೆ. ಇಲ್ಲದ ಸವತಿಯ ವಿಷಯ ಕೇಳಿ ನಗುತ್ತಾರೋ ಅಳುತ್ತಾರೋ ಎಂದು ನೋಡಿದೆ. ಆಕೆ ಗಂಡನ ಕಡೆ ತಿರುಗಿ ಬಹಳ ನಿಧಾನವಾಗಿ ಹೇಳಿದರು.

"ಆಕೆನ್ನ ಯಾಕೆ ಸಾಯಿಸ್ತೀರಿ? ನಿಮ್ಮವ್ವ ಇಟ್ಟ ಹೆಸರು ಅದು. ಹದಿನಾರು ವರ್ಷ ಈ ಮನ್ಯಾಗೆ ಮುದ್ದೆ ತಿರುವಿದೋಳು ಆಕೇನೇ. ತಿಪ್ಪಮ್ಮಂಗೆ ಅತ್ತೆ ಮನ್ಯಾಗೆ ಒಂದು ದಿನ ಕೆಲಸ ಹೇಳಿದೋರಿಲ್ಲ. ಸಾಯಿಸೋದಾದ್ರೆ ತಿಪ್ಪಮ್ಮನ್ನೇ ಸಾಯಿಸ್ರಿ, ಅವಳು ಸುಮ್ನೆ ಕುಂತಾಳೆ."

೭. ಅದಾಲತ್ತು

ಮುಂದಿನ ವರ್ಷ ಚಿತ್ರದುರ್ಗದಲ್ಲಿ ಪಿಂಚಣಿ ಅದಾಲತ್ತು ನಡೆಯಿತು. ಅದಾಲತ್ತು ಎಂದರೆ ಕೋರ್ಟಲ್ಲ. ದಾಖಲೆ ಕಚೇರಿಗಳವರೇ ಕಡತ ಹೊತ್ತುಕೊಂಡು ಜಿಲ್ಲೆಗೆ ಬಂದು, ಎದುರಿಗೆ ಕೂರಿಸಿಕೊಂಡು ತಕರಾರು ಬಗೆಹರಿಸುವುದು. ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಒಂದು ಕಡೆ ಮೇಜುಗಳ ಮುಂದೆ ಗಂಡಸರ ಸಾಲು, ಇನ್ನೊಂದು ಕಡೆ ಜಮಖಾನದ ಮೇಲೆ ಹೆಂಗಸರು. ಕಾಯುವವರಿಗೆ ಮಂಡಕ್ಕಿ ಮಿರ್ಚಿ ಇತ್ತು. ಹವಾಲ್ದಾರರ ಕಡತ ಒಬ್ಬ ಚಿಕ್ಕ ವಯಸ್ಸಿನ ಕ್ಯಾಪ್ಟನ್ನರ ಮೇಜಿಗೆ ಬಂದಿತ್ತು. ಅವರಿಗೆ ಕನ್ನಡ ಬಾರದು, ಸುಬೇದಾರರು ದುಭಾಷಿ. ಸಾಹೇಬರೂ ನಾನೂ ಪಕ್ಕದಲ್ಲಿ ನಿಂತೆವು. ಇವತ್ತು ಆಗದಿದ್ದರೆ ಇನ್ನು ಯಾವಾಗಲೋ, ಹವಾಲ್ದಾರರ ಎದೆ ಅಲ್ಲಿಯವರೆಗೆ ಕಾಯುತ್ತದೋ ಇಲ್ಲವೋ ಎಂಬುದು ನಮ್ಮ ನಾಲ್ವರಿಗೂ ಗೊತ್ತಿತ್ತು.

ರಾಮ್‌ಗಿರಿ ದೇವಿ ಎಲ್ಲಿ ಎಂದು ಕ್ಯಾಪ್ಟನ್ ಕೇಳಿದರು. ಸೊಸೆಯನ್ನು ತವರೂರಿನ ಹೆಸರಿನಿಂದ ಕರೆಯುವ ಪದ್ಧತಿಯನ್ನು ಸುಬೇದಾರರು ಹಿಂದಿಯಲ್ಲಿ ವಿವರಿಸಿದರು. ಕ್ಯಾಪ್ಟನ್ನರಿಗೆ ನಂಬಿಕೆ ಬರಲಿಲ್ಲ. ಆಗ ಸುಬೇದಾರರು ಸಾಲಿನ ಕಡೆ ತಿರುಗಿ, ಇನ್ನು ಯಾರಾದರೂ ಹೀಗೆ ಬರೆಸಿದ್ದೀರಾ ಎಂದು ಕೇಳಿದರು. ಸ್ವಲ್ಪ ಹೊತ್ತಿನಲ್ಲಿ ಸಾಲಿನ ಉದ್ದಕ್ಕೂ ಬಿಡುಗಡೆ ಪುಸ್ತಕ ತೆರೆಯುವ ಸದ್ದು ಕೇಳಿಸಿತು. ಹಿಂದಿನಿಂದ ಒಬ್ಬ ನರೆಗೂದಲಿನವರು ಮುಂದೆ ಬಂದು, ಪುಸ್ತಕವನ್ನು ಮೇಜಿನ ಮೇಲಿಟ್ಟು, ಒಂದು ಸಾಲಿನ ಮೇಲೆ ಬೆರಳಿಟ್ಟರು. ಹೊಸ್‌ದುರ್ಗ್ ದೇವಿ ಎಂದಿತ್ತು.

ಕ್ಯಾಪ್ಟನ್ ನಕ್ಕರು. ಆದರೂ ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಪದ್ಧತಿ ಇರಬಹುದು, ಆದರೆ ಈ ಎರಡೂ ಹೆಸರು ಒಬ್ಬಳೇ ಹೆಂಗಸಿನದು ಎಂದು ನನಗೆ ಹೇಗೆ ಗೊತ್ತಾಗಬೇಕು ಎಂದರು. ಹೆಂಗಸರ ಗುಂಪಿನ ಕಡೆ ನೋಡಿ, ಅಲ್ಲಿದ್ದಾಳಲ್ಲ, ನಿನ್ನ ಹೆಂಡತಿಯನ್ನು ಇಲ್ಲಿಂದಲೇ ಹೆಸರು ಹಿಡಿದು ಕರಿ, ಎದ್ದು ಬರಲಿ ಎಂದು ಹವಾಲ್ದಾರರಿಗೆ ಹೇಳಿದರು.

ಹವಾಲ್ದಾರರು ಸಾವಧಾನ ಭಂಗಿಗೆ ಬಂದರು. ವೈದ್ಯರು ಕೂಗಬೇಡಿ ಎಂದದ್ದನ್ನು ಮರೆತು, ಪೆರೇಡಿನ ದನಿಯಲ್ಲಿ "ತಿಪ್ಪಮ್ಮ" ಎಂದು ಕರೆದರು.

ಚಿತ್ರದುರ್ಗ ಜಿಲ್ಲೆಯಲ್ಲಿ ಆ ಹೆಸರು ಎಷ್ಟು ಸಾಮಾನ್ಯ ಎಂಬುದನ್ನು ಹೊರಗಿನವರಿಗೆ ಹೇಳಬೇಕು. ಜಮಖಾನದ ಮೂರು ಮೂಲೆಗಳಿಂದ ಮೂವರು ಹೆಂಗಸರು "ಓ" ಎಂದು ಎದ್ದು ನಿಂತರು. ಒಬ್ಬರ ಕಂಕುಳಲ್ಲಿ ಕೂಸಿತ್ತು, ಇನ್ನೊಬ್ಬರಿಗೆ ಎಪ್ಪತ್ತಾದರೂ ಆಗಿರಬೇಕು. ನಮ್ಮ ತಿಪ್ಪಮ್ಮನವರು ಏಳಲಿಲ್ಲ. ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿ, ಎದ್ದ ಮೂವರನ್ನೂ ಒಬ್ಬೊಬ್ಬರನ್ನಾಗಿ ತಿರುತಿರುಗಿ ನೋಡುತ್ತಿದ್ದರು.

ಕ್ಯಾಪ್ಟನ್ ಪೆನ್ನಿನ ಟೋಪಿ ಹಾಕಿದರು. ನಾನು ಕೈಸನ್ನೆ ಮಾಡಲು ಹೋದೆ, ಸಾಹೇಬರು ತಡೆದರು. ಸುಬೇದಾರರು ಮೆಲ್ಲಗೆ, ಸಾಹೇಬ್, ಆಕೆಯನ್ನು ಅತ್ತೆ ಕರೆಯುತ್ತಿದ್ದಂತೆ ಒಂದು ಸಲ ಕರೆಸಿ ನೋಡಿ ಎಂದು ಬೇಡಿಕೊಂಡರು. ಕ್ಯಾಪ್ಟನ್ ತಲೆಯಾಡಿಸಿದರು. ಹವಾಲ್ದಾರರ ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ತಾವಾಗಿ ಅವರು ಯಾವತ್ತೂ ಹಾಗೆ ಕರೆದವರಲ್ಲ. ಈ ಸಲ ದನಿ ಸಣ್ಣದಾಗಿ ಬಂತು.

"ಏ ರಾಮಗಿರಿಯೋಳೇ."

"ಬಂದೆ" ಎಂದರು ತಿಪ್ಪಮ್ಮನವರು. ಮಂಡಕ್ಕಿಯ ಪೊಟ್ಟಣವನ್ನು ಪಕ್ಕದವರ ಕೈಗೆ ಕೊಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಒಲೆಯ ಮುಂದಿನಿಂದ ಎದ್ದು ಬರುವವರ ಹಾಗೆ ಸರಸರನೆ ಬಂದು ಮೇಜಿನ ಮುಂದೆ ನಿಂತರು.

ಕ್ಯಾಪ್ಟನ್ ಆಕೆಯನ್ನು ನೋಡಿದರು, ಜೋಡಿ ಫೋಟೋ ನೋಡಿದರು, ಪೆನ್ನು ತೆರೆದರು. ಇಬ್ಬರೂ ಒಬ್ಬರೇ ಎಂದು ಬರೆದು ಸಹಿ ಹಾಕಿ, ಮುದ್ರೆಯನ್ನೂ ಒತ್ತಿದರು. ಇನ್ನು ಏನೇ ಆದರೂ ನಿಮ್ಮ ಪಿಂಚಣಿಗೆ ತೊಂದರೆ ಇಲ್ಲ ಎಂದು ಸಾಹೇಬರು ತಿಪ್ಪಮ್ಮನವರಿಗೆ ಹೇಳಿದರು. ಹವಾಲ್ದಾರರು ಪಕ್ಕದಲ್ಲಿದ್ದ ಕುರ್ಚಿ ಹಿಡಿದು ಕೂತರು. ಸೈನ್ಯದವರೊಬ್ಬರು ಅಧಿಕಾರಿಯ ಮುಂದೆ ಅಪ್ಪಣೆಯಿಲ್ಲದೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕ್ಯಾಪ್ಟನ್ನರಿಗೆ ಮಾತ್ರ ಒಂದು ಅನುಮಾನ ಉಳಿದಿತ್ತು. ಗಂಡ ಅಷ್ಟು ಜೋರಾಗಿ ನಿಜವಾದ ಹೆಸರು ಹಿಡಿದು ಕರೆದಾಗ ಏಕೆ ಏಳಲಿಲ್ಲ, ಕೇಳಿಸಲಿಲ್ಲವೇ ಎಂದು ಸುಬೇದಾರರ ಬಾಯಿಂದ ಕೇಳಿಸಿದರು.

"ಕೇಳಿಸ್ತು ಸಾಮಿ, ದನಿ ಇವರದೇ ಅಂತಾನೂ ಗೊತ್ತಾತು" ಎಂದರು ತಿಪ್ಪಮ್ಮನವರು. "ಹದಿನೇಳು ವರ್ಷದಾಗೆ ಒಂದು ದಿನ ನನ್ನನ್ನ ಹಂಗೆ ಕರೆದೋರಲ್ಲ. ಅದಕ್ಕೇ, ಇಷ್ಟು ಬಾಯಿತುಂಬ ಕರೀತಾರಲ್ಲ, ಅವಳು ಯಾವಳು ಅಂತ ನಾನೂ ನೋಡ್ತಾ ಇದ್ದೆ."